ಅನ್ನ, ಹಾಲು ಮತ್ತು ವಾಯುಮಂಡಲ: ದೇಶದೇಶಗಳ ಲೆಕ್ಕ

ಹೊಗೆ ಎಂದೊಡನೆ ಮಹಾನಗರದ ನಿವಾಸಿಯ ಕಣ್ಣೆದುರು ಬರುವುದು ಕಾರ್ಖಾನೆಯ ಚಿಮಣಿ, ಇಲ್ಲವೆ ರಸ್ತೆಯ ತಿರುವಿನಲ್ಲಿ ಗುಡುಗುಟ್ಟುತ್ತ ನಿಂತ ಲಾರಿ. ಬೆಳಗಿನ ಹಾಲಿನ ಪ್ಯಾಕೆಟ್ಟು, ಅಕ್ಕಿಯ ಡಬ್ಬ, ಬೇಳೆಯ ಪೊಟ್ಟಣ ಇವುಗಳ ಬೆನ್ನ ಹಿಂದೆಯೂ ಕಣ್ಣಿಗೆ ಕಾಣದ ಒಂದು ಬಗೆಯ ಹೊಗೆಯಿದೆಯೆಂದರೆ ಯಾರಿಗಾದರೂ ಸೋಜಿಗವೆನಿಸೀತು. ಆದರೆ ವಿಷಯ ನಿಜವಾದುದು. ಸೂರ್ಯನಿಂದ ಬಂದ ಶಾಖವನ್ನು ಮರಳಿ ಹೋಗಗೊಡದೆ ಭೂಮಿಯ ಸುತ್ತ ಕಂಬಳಿಯಂತೆ ಹಿಡಿದಿಡುವ ಅನಿಲಗಳಿಗೆ ಹಸಿರುಮನೆ ಅನಿಲಗಳೆಂದು ಹೆಸರು. ಮನುಷ್ಯನ ಚಟುವಟಿಕೆಗಳಿಂದ ಹೊರಬೀಳುವ ಇಂಥ ಅನಿಲಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಆಹಾರಕ್ಕೆ ಸಂಬಂಧಿಸಿದ್ದು. ಯುರೋಪಿಯನ್ ಒಕ್ಕೂಟದ ಜಂಟಿ ಸಂಶೋಧನಾ ಕೇಂದ್ರದ ವಿಜ್ಞಾನಿ ಮೋನಿಕಾ ಕ್ರಿಪ್ಪಾ ಮತ್ತು ಸಂಗಡಿಗರು ೨೦೨೧ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ೨೦೧೫ರಲ್ಲಿ ಈ ಪಾಲು ಶೇಕಡಾ ೩೪. ತೂಕದಲ್ಲಿ ೧,೮೦೦ ಕೋಟಿ ಟನ್ನು. ಕಾಡು ಕಡಿದು ಹೊಲ ಮಾಡುವುದರಿಂದ ಹಿಡಿದು ಉತ್ತು ಬಿತ್ತುವುದು, ದನ ಸಾಕುವುದು, ಸಾಗಿಸುವುದು, ಸಂಸ್ಕರಿಸುವುದು, ಅಡುಗೆ ಮಾಡುವುದು, ಮಿಕ್ಕಿದ್ದನ್ನು ತಿಪ್ಪೆಗೆ ಎಸೆಯುವುದು ಎಲ್ಲವೂ ಅದರಲ್ಲಿ ಸೇರಿವೆ.

ಈ ಹೊರೆಯಲ್ಲಿ ಯಾವ ದೇಶದ ಪಾಲು ಎಷ್ಟು? ಪ್ರಶ್ನೆ ಸರಳವಾಗಿ ಕಂಡರೂ ಇದರ ಸುತ್ತ ಕಳೆದ ಮೂವತ್ತೈದು ವರ್ಷಗಳಿಂದ ವಾದವಿವಾದಗಳು ನಡೆದಿವೆ. ಭಾರತದ ದನಗಳೂ ಬತ್ತದ ಗದ್ದೆಗಳೂ ಲೋಕವನ್ನೇ ಕಾಯಿಸುತ್ತಿವೆಯೆಂದು ಒಬ್ಬರು ಬರೆದರೆ, ಭಾರತದ ಕೃಷಿಯಿಂದ ವಾಯುಮಂಡಲಕ್ಕೆ ಯಾವ ಬಾಧೆಯೂ ಇಲ್ಲವೆಂದು ಇನ್ನೊಬ್ಬರು ಬರೆಯುತ್ತಾರೆ. ಇಬ್ಬರೂ ಅಂಕಿಗಳನ್ನು ತೋರಿಸುತ್ತಾರೆ. ಆ ಅಂಕಿಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಅರಿತವರಿಗೆ ಮಾತ್ರ ಈ ಗೊಂದಲ ಬಿಡಿಸಿಕೊಳ್ಳುವುದು ಸಾಧ್ಯ.

ಮೂರು ಅನಿಲಗಳು

ಮೊದಲನೆಯದು ಎಲ್ಲರೂ ಬಲ್ಲ ಕಾರ್ಬನ್ ಡೈ ಆಕ್ಸೈಡ್. ಕಾಡನ್ನು ಸುಟ್ಟಾಗ, ಟ್ರ್ಯಾಕ್ಟರಿನಲ್ಲಿ ಡೀಸೆಲ್ ಉರಿಸಿದಾಗ, ನೈಸರ್ಗಿಕ ಅನಿಲದಿಂದ ಯೂರಿಯಾ ತಯಾರಿಸಿದಾಗ ಇದು ಹೊರಬರುತ್ತದೆ. ಆದರೆ ಹೊಲ ಮತ್ತು ಹಟ್ಟಿಗಳ ನಿಜವಾದ ಅನಿಲಗಳು ಬೇರೆ ಎರಡು.

ಮೀಥೇನ್ ಹುಟ್ಟುವುದು ಗಾಳಿಯಾಡದ ಕಡೆಯಲ್ಲಿ. ಹಸು, ಎಮ್ಮೆ, ಕುರಿ, ಮೇಕೆಗಳಂಥ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿರುತ್ತವೆ. ಅವುಗಳಲ್ಲಿ ಬಹು ದೊಡ್ಡದಾದ ಮೊದಲ ಕೋಣೆ ಒಂದು ಹುದುಗಿನ ತೊಟ್ಟಿಯೇ ಸರಿ. ಮನುಷ್ಯನು ಜೀರ್ಣಿಸಿಕೊಳ್ಳಲಾರದ ಹುಲ್ಲಿನ ನಾರನ್ನು ಅಲ್ಲಿನ ಸೂಕ್ಷ್ಮಜೀವಿಗಳು ಒಡೆದು ಪ್ರಾಣಿಗೆ ಆಹಾರವಾಗಿಸುತ್ತವೆ. ಆಗ ಉಳಿಯುವ ಜಲಜನಕವನ್ನು ಇನ್ನೊಂದು ಬಗೆಯ ಸೂಕ್ಷ್ಮಜೀವಿಗಳು ಮೀಥೇನಾಗಿ ಮಾರ್ಪಡಿಸುತ್ತವೆ. ಇದು ಹಿಂಬದಿಯಿಂದ ಹೊರಬೀಳುತ್ತದೆಂಬ ಹಾಸ್ಯ ಎಲ್ಲೆಡೆಯೂ ಪ್ರಚಾರದಲ್ಲಿದೆಯಾದರೂ, ಬಹುಪಾಲು ಬರುವುದು ಬಾಯಿಯಿಂದ, ತೇಗಿನ ಮೂಲಕ. ನೀರು ನಿಂತ ಬತ್ತದ ಗದ್ದೆಯಲ್ಲಿಯೂ ನಡೆಯುವುದು ಇದೇ ಬಗೆಯ ಕ್ರಿಯೆ. ನೀರಿನಡಿಯ ಕೆಸರಿಗೆ ಆಮ್ಲಜನಕ ದೊರೆಯದಿರುವುದರಿಂದ ಅಲ್ಲಿ ಕೊಳೆಯುವ ಬೇರು, ಕೂಳೆ, ಗೊಬ್ಬರಗಳಿಂದ ಮೀಥೇನ್ ಹುಟ್ಟುತ್ತದೆ. ಬತ್ತದ ಪೈರಿನ ಕಾಂಡದೊಳಗೆ ಬೇರಿಗೆ ಗಾಳಿಯನ್ನು ಒಯ್ಯುವ ಸಣ್ಣ ಕೊಳವೆಗಳಿವೆ. ಅದೇ ಕೊಳವೆಗಳಲ್ಲಿ ಈ ಅನಿಲವು ಮೇಲೇರಿ ಗಾಳಿಗೆ ಸೇರುತ್ತದೆ.

ಮೂರನೆಯದು ನೈಟ್ರಸ್ ಆಕ್ಸೈಡ್. ಹೊಲಕ್ಕೆ ಹಾಕಿದ ಯೂರಿಯಾದಲ್ಲಿ ಪೈರು ಹೀರಿಕೊಳ್ಳದೆ ಬಿಟ್ಟ ಸಾರಜನಕದಿಂದ ಮಣ್ಣಿನ ಸೂಕ್ಷ್ಮಜೀವಿಗಳು ಇದನ್ನು ಉಂಟುಮಾಡುತ್ತವೆ. ಕೊಟ್ಟಿಗೆ ಗೊಬ್ಬರದಿಂದಲೂ ಸ್ವಲ್ಪಮಟ್ಟಿಗೆ ಬರುತ್ತದೆ.

ಈ ಮೂರನ್ನು ಒಂದೇ ತಕ್ಕಡಿಯಲ್ಲಿ ತೂಗಲು ವಿಜ್ಞಾನಿಗಳು ಒಂದು ಗುಣಕವನ್ನು ಬಳಸುತ್ತಾರೆ. ನೂರು ವರ್ಷಗಳ ಅವಧಿಯಲ್ಲಿ ಒಂದು ಕಿಲೋ ಮೀಥೇನ್ ಸುಮಾರು ೨೮ ಕಿಲೋ ಕಾರ್ಬನ್ ಡೈ ಆಕ್ಸೈಡಿಗೆ ಸಮ. ಒಂದು ಕಿಲೋ ನೈಟ್ರಸ್ ಆಕ್ಸೈಡ್ ಸುಮಾರು ೨೭೦ ಕಿಲೋಗೆ ಸಮ. ಈ ಗುಣಕಗಳು ಸ್ಥಿರವಾದವುಗಳಲ್ಲ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿಯ ೧೯೯೫ರ ವರದಿಯಲ್ಲಿ ಮೀಥೇನಿನ ಗುಣಕ ೨೧ ಇದ್ದಿತು. ಆದ್ದರಿಂದ ಎರಡು ಕೋಷ್ಟಕಗಳನ್ನು ಹೋಲಿಸುವ ಮೊದಲು ಅವುಗಳಲ್ಲಿ ಯಾವ ಗುಣಕ ಬಳಕೆಯಾಗಿದೆಯೆಂಬುದನ್ನು ನೋಡಬೇಕಾಗುತ್ತದೆ. ಇನ್ನೊಂದು ಸಂಗತಿಯೂ ಗಮನಾರ್ಹ. ಮೀಥೇನ್ ಗಾಳಿಯಲ್ಲಿ ಉಳಿಯುವುದು ಸರಾಸರಿ ಹನ್ನೆರಡು ವರ್ಷ ಮಾತ್ರ. ಕಲ್ಲಿದ್ದಲಿನಿಂದ ಬಂದ ಕಾರ್ಬನ್ ಡೈ ಆಕ್ಸೈಡಿನ ಗಣನೀಯ ಭಾಗವಾದರೋ ಶತಮಾನಗಳವರೆಗೆ ಉಳಿಯುತ್ತದೆ. ದನಗಳ ಸಂಖ್ಯೆ ಹೆಚ್ಚೂ ಕಡಿಮೆ ಒಂದೇ ಸಮನಾಗಿದ್ದರೆ ಅವುಗಳ ಮೀಥೇನ್ ವರ್ಷವರ್ಷವೂ ಪೇರಿಸಿಕೊಳ್ಳುತ್ತ ಹೋಗುವುದಿಲ್ಲ. ಕಲ್ಲಿದ್ದಲಿನ ಹೊಗೆ ಪೇರಿಸಿಕೊಳ್ಳುತ್ತಲೇ ಹೋಗುತ್ತದೆ.

ಶೇಕಡಾವಾರಿನ ಮೋಸ

ಈಗ ದೇಶಗಳ ಕಡೆಗೆ ನೋಡೋಣ. ಜಗತ್ತಿನ ಮುಂದುವರಿದ ದೇಶಗಳ ಪೈಕಿ ಕೃಷಿಯ ಪಾಲು ಅತಿ ಹೆಚ್ಚಾಗಿರುವುದು ನ್ಯೂಜಿಲೆಂಡಿನಲ್ಲಿ. ಅಲ್ಲಿ ಅದು ಒಟ್ಟು ಅನಿಲಗಳ ಅರ್ಧದಷ್ಟಿದೆ. ಐರ್ಲೆಂಡಿನಲ್ಲಿ ಶೇಕಡಾ ೩೮ರ ಸಮೀಪ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸುಮಾರು ಶೇಕಡಾ ೧೦. ಭಾರತದ ಸರ್ಕಾರಿ ವರದಿಯಂತೆ ೨೦೧೬ರಲ್ಲಿ ಶೇಕಡಾ ೧೪. ಸಿಂಗಪುರದಲ್ಲಿ ಕೃಷಿಯ ಪಾಲು ಶೂನ್ಯಕ್ಕೆ ತೀರ ಹತ್ತಿರ.

ಇವನ್ನು ಓದಿದವರು ಅಮೆರಿಕದ ರೈತನು ಭಾರತದ ರೈತನಿಗಿಂತ ಶುದ್ಧನೆಂದೂ, ಸಿಂಗಪುರದವರು ಋಷಿಗಳಂತೆ ಗಾಳಿ ಸೇವಿಸಿ ಬದುಕುತ್ತಾರೆಂದೂ ತೀರ್ಮಾನಿಸಬಹುದು! ಅಮೆರಿಕದಲ್ಲಿ ಕೃಷಿಯ ಶೇಕಡಾವಾರು ಸಣ್ಣದಾಗಿ ಕಾಣುವುದಕ್ಕೆ ಮುಖ್ಯ ಕಾರಣ, ಅಲ್ಲಿನ ಮೋಟಾರುಗಳೂ ವಿದ್ಯುದಾಗಾರಗಳೂ ಕಾರ್ಖಾನೆಗಳೂ ಉಗುಳುವ ಅನಿಲ ಅಷ್ಟು ಅಗಾಧವಾಗಿರುವುದು. ದೊಡ್ಡ ರಾಶಿಯ ಪಕ್ಕದಲ್ಲಿ ಯಾವುದೂ ಚಿಕ್ಕದೇ. ನ್ಯೂಜಿಲೆಂಡಿನಲ್ಲಿ ವಿದ್ಯುತ್ತಿನ ಬಹುಭಾಗ ಜಲಶಕ್ತಿ ಮತ್ತು ಭೂಶಾಖದಿಂದ ಬರುತ್ತದೆ. ಕಲ್ಲಿದ್ದಲಿನ ರಾಶಿ ಚಿಕ್ಕದಾದುದರಿಂದ ಹಸುಗಳ ಪಾಲು ಎದ್ದು ಕಾಣುತ್ತದೆ. ಸಿಂಗಪುರವಾದರೋ ತನ್ನ ಆಹಾರದ ಶೇಕಡಾ ೯೦ಕ್ಕೂ ಹೆಚ್ಚು ಭಾಗವನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಅನಿಲವನ್ನು ಅದು ಹೊರಟ ನೆಲದ ಲೆಕ್ಕಕ್ಕೆ ಬರೆಯುವುದು ಅಂತರರಾಷ್ಟ್ರೀಯ ಪದ್ಧತಿ. ಉಂಡವರು ಒಂದು ಕಡೆ, ಲೆಕ್ಕಕ್ಕೆ ಬಿದ್ದವರು ಇನ್ನೊಂದು ಕಡೆ. ನ್ಯೂಜಿಲೆಂಡಿನ ಹಾಲಿನ ಉತ್ಪನ್ನಗಳ ಬಹುಪಾಲು ಪರದೇಶಗಳಿಗೆ ಹೋಗುವಂಥದು. ಆದರೂ ಆ ಹಸುಗಳ ತೇಗೆಲ್ಲವೂ ನ್ಯೂಜಿಲೆಂಡಿನ ಖಾತೆಗೇ ಸೇರುತ್ತದೆ.

ಭಾರತದ್ದೇ ಎರಡು ವರ್ಷಗಳ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಶೇಕಡಾವಾರಿನ ಸ್ವಭಾವ ಇನ್ನೂ ಸ್ಪಷ್ಟವಾಗುತ್ತದೆ. ೧೯೯೪ರಲ್ಲಿ ದೇಶದ ಒಟ್ಟು ಹೊರಸೂಸುವಿಕೆ ಸುಮಾರು ೧೨೩ ಕೋಟಿ ಟನ್ನು; ಅದರಲ್ಲಿ ಕೃಷಿಯ ಪಾಲು ೩೪ ಕೋಟಿ ಟನ್ನಿನಷ್ಟು, ಎಂದರೆ ಶೇಕಡಾ ೨೮. ೨೦೧೬ರಲ್ಲಿ ಒಟ್ಟು ೨೮೪ ಕೋಟಿ ಟನ್ನು. ಕೃಷಿಯದು ಸುಮಾರು ೪೧ ಕೋಟಿ ಟನ್ನು, ಶೇಕಡಾ ೧೪. ಪಾಲು ಅರ್ಧಕ್ಕೆ ಇಳಿಯಿತು. ಪ್ರಮಾಣ ಮಾತ್ರ ಇಳಿಯಲಿಲ್ಲ, ಏರಿತು. ಈ ಇಪ್ಪತ್ತೆರಡು ವರ್ಷಗಳಲ್ಲಿ ಕಲ್ಲಿದ್ದಲು ಮತ್ತು ತೈಲದ ಬಳಕೆ ಹೊಲಹಟ್ಟಿಗಳನ್ನು ಬಹು ಹಿಂದೆ ಹಾಕಿ ಮುನ್ನುಗ್ಗಿತೆಂಬುದೇ ಇದರ ಅರ್ಥ. ಕೃಷಿಯ ಪಾಲು ಕುಗ್ಗಿತೆಂದು ಹರ್ಷಪಡುವವರು ಯಾವುದಕ್ಕಾಗಿ ಹರ್ಷಪಡುತ್ತಿದ್ದಾರೆಂಬುದನ್ನು ತಾವೇ ವಿಚಾರಿಸಿಕೊಳ್ಳಬೇಕು.

ಖಾನೆಗಳ ಸಮಸ್ಯೆಯೂ ಉಂಟು. ಸರ್ಕಾರಿ ವರದಿಯ 'ಕೃಷಿ' ಎಂಬ ಖಾನೆಯಲ್ಲಿ ಬರುವುದು ದನಗಳ ತೇಗು, ಗೊಬ್ಬರ, ಬತ್ತದ ಗದ್ದೆ, ಮಣ್ಣಿನ ನೈಟ್ರಸ್ ಆಕ್ಸೈಡ್ ಮತ್ತು ಹೊಲದಲ್ಲಿ ಸುಡುವ ಕೂಳೆ ಇಷ್ಟೇ. ಅದರಲ್ಲಿ ಅರ್ಧಕ್ಕೂ ಹೆಚ್ಚು ತೇಗಿನದೇ. ಕೊಳವೆ ಬಾವಿಯಿಂದ ನೀರೆತ್ತುವ ಪಂಪ್‌ಸೆಟ್ಟುಗಳು ದೇಶದ ವಿದ್ಯುತ್ತಿನಲ್ಲಿ ಹೆಚ್ಚೂ ಕಡಿಮೆ ಆರನೆಯ ಒಂದು ಪಾಲನ್ನು ಬಳಸಿದರೂ ಅದು 'ಶಕ್ತಿ'ಯ ಖಾನೆಗೆ ಹೋಗುತ್ತದೆ. ಯೂರಿಯಾ ಕಾರ್ಖಾನೆ ಕೈಗಾರಿಕೆಯ ಖಾನೆಗೆ, ಅಡುಗೆಯ ಗ್ಯಾಸು ಮತ್ತೆ ಶಕ್ತಿಯ ಖಾನೆಗೆ, ಎಸೆದ ಅನ್ನ ಕಸದ ಖಾನೆಗೆ. ಇವನ್ನೆಲ್ಲ ಕೂಡಿಸಿ ಹೊಸ ಗುಣಕದಿಂದ ಗುಣಿಸಿದ ಕ್ರಿಪ್ಪಾ ಅವರ ಲೆಕ್ಕದಲ್ಲಿ ಭಾರತದ ಆಹಾರ ವ್ಯವಸ್ಥೆಯ ಪಾಲು ಜಗತ್ತಿನ ಆಹಾರದ ಅನಿಲಗಳ ಶೇಕಡಾ ೬.೩, ಎಂದರೆ ಸುಮಾರು ೧೧೩ ಕೋಟಿ ಟನ್ನಾಗುತ್ತದೆ. ದೇಶ ಒಂದೇ, ದನಗಳೂ ಅವೇ. ಒಂದು ಪುಸ್ತಕದಲ್ಲಿ ೪೧ ಕೋಟಿ, ಇನ್ನೊಂದರಲ್ಲಿ ೧೧೩ ಕೋಟಿ. ಎರಡರಲ್ಲಿ ಯಾವುದೂ ಸುಳ್ಳಲ್ಲ.

ಅದೇ ಲೆಕ್ಕದಲ್ಲಿ ಚೀನಾ ಶೇಕಡಾ ೧೩.೫, ಇಂಡೋನೇಷ್ಯಾ ೮.೮, ಅಮೆರಿಕ ೮.೨, ಬ್ರೆಜಿಲ್ ೭.೪. ಇಂಡೋನೇಷ್ಯಾ ಮತ್ತು ಬ್ರೆಜಿಲ್‌ಗಳಂಥ ದೇಶಗಳು ಮುಂದಿನ ಸಾಲಿಗೆ ಬಂದುದು ಊಟದಿಂದಲ್ಲ, ಕೊಡಲಿಯಿಂದ. ಒಂದೆಡೆ ತಾಳೆಯೆಣ್ಣೆಯ ತೋಟಗಳಿಗಾಗಿ ಕಾಡು ಕಡಿದು ಜೌಗುನೆಲವನ್ನು ಬಸಿದರು. ಇನ್ನೊಂದೆಡೆ ದನಗಳ ಹುಲ್ಲುಗಾವಲಿಗೂ ಸೋಯಾ ಬೆಳೆಗೂ ಅಮೆಜಾನ್ ಅರಣ್ಯವನ್ನು ಸುಟ್ಟರು. ಈ ಅಂಕಿಗಳನ್ನು ೨೦೧೫ರ ಜನಸಂಖ್ಯೆಯಿಂದ ಭಾಗಿಸಿದರೆ ಚಿತ್ರವೇ ಬದಲಾಗುತ್ತದೆ. ತಲಾ ಲೆಕ್ಕದಲ್ಲಿ ಬ್ರೆಜಿಲಿಗೆ ಆರು ಟನ್ನಿಗೂ ಹೆಚ್ಚು, ಅಮೆರಿಕಕ್ಕೆ ನಾಲ್ಕೂವರೆ ಟನ್ನಿನಷ್ಟು, ಜಗತ್ತಿನ ಸರಾಸರಿ ೨.೪ ಟನ್ನು, ಭಾರತಕ್ಕೆ ಒಂದು ಟನ್ನಿಗಿಂತ ಕಡಿಮೆ.

ಗದ್ದೆಗಿಳಿದು ಅಳೆದ ಕಥೆ

ತಲಾ ಲೆಕ್ಕವನ್ನು ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ೧೯೯೦-೯೧ರ ಪ್ರಸಂಗ ಸಾಕ್ಷಿ. ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು ೧೯೯೦ರಲ್ಲಿ ಹೊರತಂದ ವರದಿಯೊಂದು, ಭೂಮಿಯನ್ನು ಬಿಸಿ ಮಾಡುತ್ತಿರುವ ಮೊದಲ ಐದು ದೇಶಗಳಲ್ಲಿ ಭಾರತವನ್ನೂ ಸೇರಿಸಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಮರುವರ್ಷವೇ ಒಂದು ಚಿಕ್ಕ ಪುಸ್ತಕದ ಮೂಲಕ ಇದಕ್ಕೆ ಉತ್ತರವಿತ್ತರು. ಎರಡು ಎಕರೆ ಬತ್ತ ಬೆಳೆದು ಹೊಟ್ಟೆ ಹೊರೆಯುವ ರೈತನ ಮೀಥೇನನ್ನೂ ಶ್ರೀಮಂತ ದೇಶದ ಮೋಟಾರು ಕಾರಿನ ಹೊಗೆಯನ್ನೂ ಒಂದೇ ತೂಕದಲ್ಲಿಡುವುದು ನ್ಯಾಯವೇ ಎಂಬುದು ಅವರ ಪ್ರಶ್ನೆಯ ತಿರುಳು. ಬದುಕಿಗಾಗಿ ಬಿಡುವ ಅನಿಲ ಬೇರೆ, ಭೋಗಕ್ಕಾಗಿ ಬಿಡುವ ಅನಿಲ ಬೇರೆ ಎಂಬ ಭೇದ ಅಂತರರಾಷ್ಟ್ರೀಯ ಚರ್ಚೆಗಳಲ್ಲಿ ನೆಲೆಯೂರಿದ್ದು ಅಂದಿನಿಂದ.

ನ್ಯಾಯದ ವಾದಕ್ಕಿಂತಲೂ ದೃಢವಾಗಿ ನಿಂತದ್ದು ಪ್ರಯೋಗದ ವಾದ. ಆ ಕಾಲಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಭಾರತದ ಬತ್ತದ ಗದ್ದೆಗಳಿಂದ ವರ್ಷಕ್ಕೆ ೩೭೮ ಲಕ್ಷ ಟನ್ ಮೀಥೇನ್ ಹೊರಬೀಳುತ್ತಿತ್ತು. ಈ ಸಂಖ್ಯೆಯನ್ನು ಯಾರೂ ಭಾರತದ ಗದ್ದೆಯಲ್ಲಿ ಅಳೆದಿರಲಿಲ್ಲ. ಅಮೆರಿಕ, ಯುರೋಪುಗಳ ಗದ್ದೆಗಳಲ್ಲಿ ದೊರೆತ ಅಳತೆಯನ್ನು ಇಲ್ಲಿನ ವಿಸ್ತೀರ್ಣಕ್ಕೆ ಗುಣಿಸಿಟ್ಟಿದ್ದರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಹಿರಿಯ ವಿಜ್ಞಾನಿ ಎ. ಪಿ. ಮಿತ್ರಾ ಅವರ ನೇತೃತ್ವದಲ್ಲಿ ೧೯೯೧ರಲ್ಲಿ ದೇಶದ ನಾನಾ ಭಾಗಗಳ ಗದ್ದೆಗಳಿಗಿಳಿದು ಅಳೆಯುವ ಕಾರ್ಯ ನಡೆಯಿತು. ಬಂದ ಉತ್ತರ ೪೦ ಲಕ್ಷ ಟನ್ನು. ಹೆಚ್ಚೆಂದರೆ ೫೪, ಕಡಿಮೆಯೆಂದರೆ ೨೭ ಲಕ್ಷ. ಅಂದಾಜು ಸುಮಾರು ಒಂಬತ್ತು ಪಟ್ಟು ಹೆಚ್ಚಾಗಿತ್ತು! ಭಾರತದ ಗದ್ದೆಗಳಲ್ಲಿ ಎಷ್ಟೋ ಮಳೆಯನ್ನು ನಂಬಿದವು. ಅಲ್ಲಿ ನೀರು ನಿಲ್ಲುತ್ತದೆ, ಬತ್ತುತ್ತದೆ, ಮತ್ತೆ ನಿಲ್ಲುತ್ತದೆ. ಬತ್ತಿದಾಗ ಮಣ್ಣಿಗೆ ಗಾಳಿ ತಾಗಿ ಮೀಥೇನ್ ಹುಟ್ಟುವುದು ನಿಲ್ಲುತ್ತದೆ. ಮಣ್ಣಿನಲ್ಲಿ ಸಾವಯವ ಅಂಶವೂ ಕಡಿಮೆ. ಮುಂದಿನ ಸರ್ಕಾರಿ ವರದಿಗಳ ಸಂಖ್ಯೆಗಳೂ ಮಿತ್ರಾ ಅವರ ಮಿತಿಯೊಳಗೇ ಬಂದಿವೆ.

ಮಳೆಯ ಅಭಾವದಿಂದ ತಾನಾಗಿ ನಡೆಯುತ್ತಿದ್ದ ಈ ಕ್ರಿಯೆಯನ್ನು ಈಗ ಬುದ್ಧಿಪೂರ್ವಕವಾಗಿ ಮಾಡಬಹುದೆಂದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟಿದೆ. ಗದ್ದೆಯನ್ನು ಸದಾ ತುಂಬಿಸಿಡದೆ ಆಗಾಗ ಆರಗೊಟ್ಟು ನೀರು ಹಾಯಿಸಿದರೆ ಇಳುವರಿ ಕುಗ್ಗದಂತೆ ಮೀಥೇನನ್ನು ಅರ್ಧದ ಸಮೀಪಕ್ಕೆ ಇಳಿಸಬಹುದು, ನೀರೂ ಉಳಿಯುತ್ತದೆ. ಆರಿದ ಮಣ್ಣಿನಲ್ಲಿ ನೈಟ್ರಸ್ ಆಕ್ಸೈಡ್ ಸ್ವಲ್ಪ ಹೆಚ್ಚುವುದುಂಟು, ಆದರೆ ಒಟ್ಟು ಲಾಭವೇ ಅಧಿಕ. ಪಂಪಿನ ವಿದ್ಯುತ್ತು ಉಚಿತವಾಗಿರುವ ಕಡೆ ನೀರುಳಿಸುವ ತೊಂದರೆ ಯಾರು ತೆಗೆದುಕೊಳ್ಳುತ್ತಾರೆ ಎಂಬುದು ಬೇರೆ ಮಾತು.

ಹಸುವಿನ ವಿಚಾರ

೨೦೧೯ರ ಜಾನುವಾರು ಗಣತಿಯಂತೆ ಭಾರತದಲ್ಲಿ ೧೯ ಕೋಟಿ ೩೦ ಲಕ್ಷಕ್ಕೂ ಹೆಚ್ಚು ದನಗಳೂ ಸುಮಾರು ೧೧ ಕೋಟಿ ಎಮ್ಮೆಗಳೂ ಇವೆ. ಅಂತರಸರ್ಕಾರಿ ಮಂಡಳಿಯ ೨೦೦೬ರ ಮಾರ್ಗಸೂಚಿಯು ಉತ್ತರ ಅಮೆರಿಕದ ಹಾಲಿನ ಹಸುವೊಂದಕ್ಕೆ ವರ್ಷಕ್ಕೆ ೧೨೮ ಕಿಲೋ ಮೀಥೇನನ್ನೂ ಭಾರತ ಉಪಖಂಡದ ಹಸುವಿಗೆ ೫೮ ಕಿಲೋವನ್ನೂ ನಿಗದಿಪಡಿಸಿದೆ. ಹಸುವಿನ ಲೆಕ್ಕದಲ್ಲಿ ಭಾರತ ಮೇಲು. ಆದರೆ ಅದೇ ಪುಟದಲ್ಲಿ ಮೊದಲನೆಯದರ ವಾರ್ಷಿಕ ಹಾಲು ೮,೪೦೦ ಕಿಲೋ, ಎರಡನೆಯದರದು ೯೦೦ ಕಿಲೋ. ಲೀಟರಿನ ಲೆಕ್ಕ ಹಿಡಿದರೆ ಭಾರತದ ಹಾಲಿನ ಮೀಥೇನ್ ನಾಲ್ಕು ಪಟ್ಟು. ಆ ಬಳಿಕ ಇಲ್ಲಿ ಇಳುವರಿ ಏರಿದೆಯಾದರೂ ಅಂತರ ಅಳಿದಿಲ್ಲ.

ಇದರಿಂದ ಭಾರತದ ಹಸುವನ್ನು ದೂರುವುದು ಅವಸರದ ಮಾತಾದೀತು. ಇಲ್ಲಿನ ಹಸು ಬಹುಮಟ್ಟಿಗೆ ಬತ್ತದ ಹುಲ್ಲು, ಜೋಳದ ದಂಟು, ಬದುವಿನ ಮೇವು ತಿಂದು ಬದುಕುವಂಥದು; ಮನುಷ್ಯನ ಧಾನ್ಯಕ್ಕೆ ಅದು ಬಾಯಿಹಾಕುವುದು ಕಡಿಮೆ. ಸಗಣಿ ಗೊಬ್ಬರವಾಗುತ್ತದೆ, ಬೆರಣಿಯಾಗುತ್ತದೆ. ಭೂಮಿಯಿಲ್ಲದ ಕುಟುಂಬಕ್ಕೆ ಒಂದು ಎಮ್ಮೆಯೇ ಬ್ಯಾಂಕು. ಇವೆಲ್ಲವನ್ನೂ ಲೀಟರಿನ ಲೆಕ್ಕ ಕಾಣುವುದಿಲ್ಲ. ಆದರೆ ಒರಟು ಮೇವು ಹೆಚ್ಚಾದಷ್ಟೂ ತೇಗಿನ ಮೂಲಕ ಹಸುವಿನ ಶಕ್ತಿಯೇ ಸೋರಿಹೋಗುತ್ತದೆಂಬುದೂ ಅಷ್ಟೇ ನಿಜ. ಮೇವನ್ನು ಸಮತೋಲಗೊಳಿಸಿದರೆ ಹಾಲೂ ಹೆಚ್ಚುತ್ತದೆ, ಮೀಥೇನೂ ತಗ್ಗುತ್ತದೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಟ್ಯಾನಿನ್ ಎಂಬ ಒಗರು ವಸ್ತು ಹೇರಳವಾಗಿರುವ ಗಿಡಮೂಲಗಳಿಂದ 'ಹರಿತ್ ಧಾರಾ' ಎಂಬ ಮೇವಿನ ಪುಡಿಯನ್ನು ಸಿದ್ಧಪಡಿಸಿದೆ. ಅದು ತೇಗಿನ ಮೀಥೇನನ್ನು ಶೇಕಡಾ ೧೭ರಿಂದ ೨೦ರಷ್ಟು ಕಡಿಮೆ ಮಾಡುವುದೆಂದು ೨೦೨೧ರಲ್ಲಿ ಪ್ರಕಟವಾಯಿತು.

ತೆರಿಗೆಯ ದಾರಿ ಹಿಡಿದವರೂ ಇದ್ದಾರೆ. ನ್ಯೂಜಿಲೆಂಡಿನಲ್ಲಿ ೨೦೦೩ರಲ್ಲಿ ಜಾನುವಾರುಗಳ ಮೇಲೆ ಸುಂಕದ ಮಾತೆದ್ದಾಗ ರೈತರು ಸಂಸತ್ತಿನ ಮುಂದೆ ಟ್ರ್ಯಾಕ್ಟರು ತಂದು ನಿಲ್ಲಿಸಿದರು; ಸುಂಕ ಬಿದ್ದುಹೋಯಿತು. ೨೦೨೨ರಲ್ಲಿ ಮತ್ತೆ ಬಂದ ಯೋಜನೆಯೂ ಕೈಗೂಡಲಿಲ್ಲ. ಡೆನ್ಮಾರ್ಕ್ ಮಾತ್ರ ೨೦೩೦ರಿಂದ ಜಾನುವಾರು ಅನಿಲಕ್ಕೆ ತೆರಿಗೆ ವಿಧಿಸಲು ೨೦೨೪ರಲ್ಲಿ ಒಪ್ಪಿತು. ೨೦೨೧ರ ಗ್ಲಾಸ್ಗೋ ಸಮ್ಮೇಳನದಲ್ಲಿ ನೂರಕ್ಕೂ ಹೆಚ್ಚು ದೇಶಗಳು ಸೇರಿದ ಮೀಥೇನ್ ಪ್ರತಿಜ್ಞೆಗೆ ಭಾರತ ಸಹಿ ಹಾಕಲಿಲ್ಲ. ಎರಡು-ಮೂರು ದನಗಳ ರೈತನ ಮೇಲೆ ಅದರ ಹೊರೆ ಬೀಳುವುದೆಂಬ ಅಂಜಿಕೆ ಆಧಾರವಿಲ್ಲದ್ದಲ್ಲ.

ನಗರದ ಅಡುಗೆಮನೆ

ಊರು ಬಿಟ್ಟು ಬಂದ ಕುಟುಂಬಗಳಿಗೆ ಇದರಲ್ಲಿ ತಮ್ಮದೇನಿದೆ ಎಂಬ ಪ್ರಶ್ನೆ ಬರಬಹುದು. ಊರಿನಿಂದ ತರಿಸಿದ ಬೆಲ್ಲ, ಮೆಣಸಿನಕಾಯಿಗಳ ಸಾಗಾಣಿಕೆಯೇ ದೊಡ್ಡ ಪಾಪವೆಂದು ಕೆಲವರು ತಿಳಿಯುತ್ತಾರೆ. ಹಾಗಿಲ್ಲ. ಜಗತ್ತಿನ ಆಹಾರದ ಅನಿಲದಲ್ಲಿ ಸಾಗಾಣಿಕೆಯ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಏನು ತಿನ್ನುತ್ತೇವೆ, ಎಷ್ಟು ಎಸೆಯುತ್ತೇವೆ ಎಂಬುದೇ ಹೆಚ್ಚಿನದು. ಒಂದು ಕಿಲೋ ಗೋಮಾಂಸದ ಹೊರೆ ಹತ್ತಾರು ಕಿಲೋ. ಅಕ್ಕಿಯದು ನಾಲ್ಕರ ಆಸುಪಾಸು. ಬೇಳೆಕಾಳುಗಳದು ಇನ್ನೂ ಕಡಿಮೆ. ರಾಗಿ ಒಣಭೂಮಿಯ ಬೆಳೆ. ಅದರ ಹೊಲದಲ್ಲಿ ನೀರು ನಿಲ್ಲುವುದಿಲ್ಲವಾದುದರಿಂದ ಮೀಥೇನಿನ ಮಾತೇ ಇಲ್ಲ, ಗೊಬ್ಬರದ ಹಸಿವೂ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ೩೪೦ ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದೆಯೆಂಬುದು ಮೂಳೆ ಸವೆಯುವ ವಯಸ್ಸಿನವರಿಗೆ ಬೇರೆಯೇ ಲಾಭ. ನಗರಕ್ಕೆ ಬಂದು ಎರಡು ಹೊತ್ತೂ ಬಿಳಿ ಅನ್ನಕ್ಕೆ ಒಗ್ಗಿ, ಮಧುಮೇಹದ ಅಂಚಿಗೆ ಬಂದ ಮನೆಗಳಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಮುದ್ದೆಯೋ ಜೋಳದ ರೊಟ್ಟಿಯೋ ಮರಳಿ ಬಂದರೆ ವೈದ್ಯರು ಬೇಡವೆನ್ನಲಾರರು.

ದೆಹಲಿಯ ಕನ್ನಡಿಗರು ಪ್ರತಿ ಕಾರ್ತಿಕದಲ್ಲಿ ಕೆಮ್ಮುವುದಕ್ಕೆ ಪಂಜಾಬ್, ಹರಿಯಾಣಗಳ ಕೂಳೆ ಸುಡುವಿಕೆಯೂ ಒಂದು ಕಾರಣ. ಅಂತರ್ಜಲ ಉಳಿಸಲು ೨೦೦೯ರಲ್ಲಿ ಪಂಜಾಬ್ ಬತ್ತದ ನಾಟಿಯನ್ನು ಕಾಯಿದೆಯಿಂದ ಮುಂದಕ್ಕೆ ಹಾಕಿತು. ಕೊಯ್ಲೂ ಮುಂದೆ ಹೋಗಿ ಗೋಧಿ ಬಿತ್ತನೆಗೆ ಸಮಯ ಸಾಲದೆ ಬೆಂಕಿಯೇ ಸುಲಭವಾಯಿತು. ಹಸಿರುಮನೆ ಅನಿಲದ ಲೆಕ್ಕದಲ್ಲಿ ಈ ಬೆಂಕಿ ತೀರ ಚಿಕ್ಕದು. ಮುಂದಿನ ಬೆಳೆ ಕಾರ್ಬನ್ ಡೈ ಆಕ್ಸೈಡನ್ನು ಮರಳಿ ಹೀರುವುದರಿಂದ ಅದನ್ನು ಎಣಿಸುವುದೇ ಇಲ್ಲ. ಶ್ವಾಸಕೋಶದ ಲೆಕ್ಕ ಬೇರೆ. ಅಲ್ಲಿ ಎಣಿಕೆಗೆ ಬರುವುದು ಸೂಕ್ಷ್ಮ ಕಣ.

ಎಸೆದ ಅನ್ನದ ವಿಚಾರವೊಂದಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ೨೦೨೪ರ ವರದಿಯಂತೆ ೨೦೨೨ರಲ್ಲಿ ಜಗತ್ತಿನಲ್ಲಿ ೧೦೫ ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ನೂರಕ್ಕೆ ಅರವತ್ತು ಭಾಗ ಮನೆಗಳಲ್ಲಿ. ಬೆಳೆಯುವಾಗ ಬಿಟ್ಟ ಅನಿಲವೆಲ್ಲ ವ್ಯರ್ಥ. ಮೇಲೆ ತಿಪ್ಪೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತಾಗ ಹುಟ್ಟುವುದು ಮತ್ತೆ ಅದೇ ಮೀಥೇನ್. ಮುಂಬಯಿಯ ದೇವನಾರ್, ದೆಹಲಿಯ ಘಾಜಿಪುರ, ಚೆನ್ನೈನ ಕೊಡುಂಗೈಯೂರುಗಳ ಕಸದ ಗುಡ್ಡಗಳು ಆಗಾಗ ಹೊತ್ತಿ ಉರಿಯುವುದರಲ್ಲಿ ಈ ಅನಿಲದ ಕೈವಾಡವಿದೆ. ದೇವನಾರಿನಲ್ಲಿ ೨೦೧೬ರ ಜನವರಿಯಲ್ಲಿ ಎದ್ದ ಬೆಂಕಿಯ ಹೊಗೆ ದಿನಗಟ್ಟಲೆ ಮುಂಬಯಿಯನ್ನು ಮುಸುಕಿತ್ತು. ಮದುವೆ ಮನೆಯಲ್ಲಿ ಎಲೆಯ ಮೇಲೆ ಉಳಿದ ಅನ್ನವೂ ಹಬ್ಬದ ಮರುದಿನ ಚೆಲ್ಲಿದ ಹುಳಿಯೂ ಕೊನೆಗೆ ಸೇರುವುದು ಇಂಥ ಗುಡ್ಡಗಳನ್ನೇ. ಸರ್ಕಾರಿ ವರದಿಯಲ್ಲಿ ಅದು ಕೃಷಿಯ ಖಾನೆಯಲ್ಲಿ ಕಾಣುವುದಿಲ್ಲ. 'ತ್ಯಾಜ್ಯ' ಎಂಬ ಇನ್ನೊಂದು ಖಾನೆಯಲ್ಲಿ ನಗರದ ಉಳಿದ ಕಸದೊಂದಿಗೆ ಬೆರೆತುಹೋಗಿರುತ್ತದೆ.